ಮಿರ್ಚಿ–ಮಂಡಕ್ಕಿ ಸೀಮೆಯಲ್ಲಿ ಹೃದಯ ಕಾಯ್ದುಕೊಳ್ಳುವ ಬಗೆ: ಹಂತ ಹಂತವಾಗಿ

2025ರ ಜೂನ್‌ನಲ್ಲಿ ಹಾಸನದಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬರತೊಡಗಿದ ಮೇಲೆ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಬಹಳ ಮಂದಿಗೆ ಬೇಕಾಗಿದ್ದು ಒಂದು ಇಸಿಜಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹೀಗೇ ಆಗಿತ್ತು. ಇಸಿಜಿ ನೆಟ್ಟಗೆ ಬಂದರೆ ನಿಟ್ಟುಸಿರು ಬಿಟ್ಟು, ಆಸ್ಪತ್ರೆ ಎದುರಿನ ಗಾಡಿಯಲ್ಲಿ ಬಜ್ಜಿ ತಿಂದು ಊರಿಗೆ ಬಸ್ ಹತ್ತುವುದು. ಇಸಿಜಿ ಹೇಳುವುದು ಹೃದಯ ಆ ಗಳಿಗೆಯಲ್ಲಿ ಹೇಗೆ ಬಡಿಯುತ್ತಿದೆ ಎಂಬುದನ್ನು. ರಕ್ತನಾಳದ ಒಳಗೋಡೆಗೆ ಹತ್ತು ವರ್ಷದಿಂದ ಕೊಬ್ಬು ಮೆತ್ತಿಕೊಳ್ಳುತ್ತಿದ್ದರೆ ಅದು ಆ ಕಾಗದದ ಮೇಲೆ ಕಾಣದೇ ಹೋಗಬಹುದು.

ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಕೋವಿಡ್ ಲಸಿಕೆಗೂ ಚಿಕ್ಕ ವಯಸ್ಸಿನ ಹೃದಯ ಕಾಯಿಲೆಗೂ ನಂಟು ಕಾಣಲಿಲ್ಲ ಎಂದು ಸಮಿತಿ ಹೇಳಿತು. ಅದು ಬೊಟ್ಟು ಮಾಡಿದ್ದು ಹಳೆಯ ಕಾರಣಗಳನ್ನೇ: ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಬೀಡಿ–ಸಿಗರೇಟು, ಬೊಜ್ಜು. ಸುದ್ದಿವಾಹಿನಿಗಳಿಗೆ ಇದರಲ್ಲಿ ರೋಚಕವಾದದ್ದೇನೂ ಸಿಗಲಿಲ್ಲ.

"ಇನ್ನೂ ವಯಸ್ಸೈತಿ, ಈಗೇನಾಗತೈತಿ ತಿನ್ನು" ಎನ್ನುವ ಮಾತು ನಮ್ಮ ಮಿರ್ಚಿ–ಮಂಡಕ್ಕಿ ಸೀಮೆಯಲ್ಲಿ ಹಡಗಲಿಯಿಂದ ಕೂಡ್ಲಿಗಿಯವರೆಗೂ ಒಂದೇ. ಅದಕ್ಕೆ ಉತ್ತರ 1953ರಷ್ಟು ಹಿಂದೆಯೇ ಸಿಕ್ಕಿದೆ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಬಿಚ್ಚಿ ನೋಡಿದರು. ಸರಾಸರಿ ವಯಸ್ಸು 22. ನಾಲ್ವರಲ್ಲಿ ಮೂವರ ರಕ್ತನಾಳದಲ್ಲಿ ಕಾಯಿಲೆ ಆಗಲೇ ಶುರುವಾಗಿತ್ತು. ಅವರು ಓಡುತ್ತಿದ್ದವರು, ಭಾರ ಹೊರುತ್ತಿದ್ದವರು. ನಮ್ಮಲ್ಲಿ ಇದು ಇನ್ನೂ ಬೇಗ ಬರುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59.

ಕೆಳಗಿನ ಹಂತಗಳು 20ರಿಂದ 40ರ ನಡುವಿನವರಿಗೆ, ಮತ್ತು ಅವರಿಗೆ ಅಡಿಗೆ ಮಾಡಿ ಹಾಕುವವರಿಗೆ. ಆಲಿವ್ ಎಣ್ಣೆ, ಓಟ್ಸ್, ಆವಕಾಡೊ ಇದರಲ್ಲಿ ಬರುವುದಿಲ್ಲ. ಕೊಟ್ಟೂರು ಸಂತೆಯಲ್ಲಿ, ಹರಪನಹಳ್ಳಿ ಕಿರಾಣಿ ಅಂಗಡಿಯಲ್ಲಿ ಸಿಗುವುದರಲ್ಲೇ ಕೆಲಸ ಆಗುತ್ತದೆ. ಒಂದು ಪ್ಲೇಟ್ ಮಿರ್ಚಿಯಿಂದ ಯಾರ ಹೃದಯವೂ ಕೆಡುವುದಿಲ್ಲ. ಕೆಡಿಸುವುದು ವರ್ಷದ 365 ದಿನವೂ ಅದೇ ರೀತಿ ತಿನ್ನುವ ರೂಢಿ. ಹಾಗಾಗಿ ಮೊದಲು ಆ ರೂಢಿ ಕಣ್ಣಿಗೆ ಕಾಣಬೇಕು.

ಹಂತ 1: ಏಳು ದಿನ ತಿಂದದ್ದನ್ನು ಬರೆಯಿರಿ

ನೋಟ್‌ಬುಕ್ ಆದರೂ ಸರಿ, ಮೊಬೈಲ್ ಆದರೂ ಸರಿ. ಸಂತೆಯ ದಿನವೂ ಅದರಲ್ಲಿ ಬರಬೇಕು, ರಜಾ ದಿನವೂ ಬರಬೇಕು. ಈ ಏಳು ದಿನ ಏನನ್ನೂ ಬದಲಾಯಿಸಬೇಡಿ, ಯಾರನ್ನೂ ಮೆಚ್ಚಿಸಲು ಬರೆಯಬೇಡಿ. ಬಾಯಿಗೆ ಹೋದದ್ದೆಲ್ಲ ಬರಲಿ: ಚಹಾ, ಅದರ ಜೊತೆಗಿನ ಟೋಸ್ಟ್, ಗುಟ್ಕಾ, ಮಗು ಬಿಟ್ಟ ಚಿಪ್ಸ್, ದೇವಸ್ಥಾನದ ಪ್ರಸಾದ.

ತಾಲೂಕು ಊರಿನ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ದಿನ ಹೀಗಿರುತ್ತದೆ ಎಂದುಕೊಳ್ಳಿ. ಏಳಕ್ಕೆ ಎದ್ದು ಚಹಾ, ಎರಡು ಬಿಸ್ಕೆಟ್. ಒಂಬತ್ತೂವರೆಗೆ ಅಂಗಡಿ ತೆರೆದು, ಎದುರಿನ ಹೋಟೆಲಿನಿಂದ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ, ಮತ್ತೆ ಚಹಾ. ಹನ್ನೊಂದಕ್ಕೆ ಗಿರಾಕಿಯ ಜೊತೆ ಇನ್ನೊಂದು ಚಹಾ. ಎರಡಕ್ಕೆ ಮನೆಯಿಂದ ಬಂದ ಡಬ್ಬಿ: ಮುಕ್ಕಾಲು ಡಬ್ಬಿ ಅನ್ನ, ತಿಳಿಸಾರು, ಒಂದು ಹೋಳು ಉಪ್ಪಿನಕಾಯಿ, ಹಪ್ಪಳ. ಐದಕ್ಕೆ ಚಹಾ, ಜೊತೆಗೆ ಪಫ್ ಅಥವಾ ಖಾರಾ. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ಗೆಳೆಯರ ಜೊತೆ ಎಗ್‌ರೈಸ್, ಗೋಬಿ. ಮನೆಗೆ ಹೋದ ಮೇಲೆ ಅವ್ವ ಬಡಿಸಿದ್ದನ್ನು ಬೇಡ ಅನ್ನಲಾಗದೆ ಇನ್ನೊಂದು ತುತ್ತು.

ಇಲ್ಲಿ ಯಾವ ತಿನಿಸೂ ವಿಷವಲ್ಲ. ಆದರೆ ಇಡೀ ದಿನದಲ್ಲಿ ಒಂದು ಹಿಡಿ ಸೊಪ್ಪಿಲ್ಲ, ಒಂದು ಹಣ್ಣಿಲ್ಲ. ಬೇಳೆ–ಕಾಳು ಎಂದರೆ ಸಾರಿನ ತಳದಲ್ಲಿ ಕೂತದ್ದು, ಮಿರ್ಚಿಯ ಮೇಲಿನ ಕಡಲೆ ಹಿಟ್ಟು. ಅಕ್ಕಿ ನಾಲ್ಕು ವೇಷದಲ್ಲಿ ಬಂದಿದೆ: ಮಂಡಕ್ಕಿ, ಅನ್ನ, ಹಪ್ಪಳ, ಎಗ್‌ರೈಸ್. ಕರಿದದ್ದು ಕಡಿಮೆಯೆಂದರೂ ದಿನಕ್ಕೆ ಮೂರು ಸಲ. ಬರೆದು ನೋಡುವ ತನಕ ಆ ಹುಡುಗನನ್ನು ಕೇಳಿದರೆ "ನಾನು ಜಾಸ್ತಿ ಏನೂ ತಿನ್ನಲ್ಲ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜವಾಗಿಯೂ ಹಾಗೆ ಅನ್ನಿಸಿರುತ್ತದೆ.

ಏಳನೇ ದಿನ ರಾತ್ರಿ ಮೂರು ಬಣ್ಣದ ಪೆನ್ನು ಹಿಡಿಯಿರಿ. ಕರಿದದ್ದಕ್ಕೆ ಒಂದು ಬಣ್ಣ, ಸೊಪ್ಪು–ತರಕಾರಿ–ಹಣ್ಣಿಗೆ ಒಂದು, ಕಾಳು–ಬೇಳೆ–ಮೊಟ್ಟೆ–ಮೀನು–ಮಜ್ಜಿಗೆಗೆ ಒಂದು. ಯಾವ ಬಣ್ಣ ಪುಟದಲ್ಲಿ ತುಂಬಿದೆಯೋ, ಯಾವುದು ಇಲ್ಲವೇ ಇಲ್ಲವೋ, ಅದನ್ನು ಸರಿಪಡಿಸುವುದಷ್ಟೇ ಮುಂದಿನ ಹಂತಗಳಲ್ಲಿ ನಿಮ್ಮ ಕೆಲಸ.

ಹಂತ 2: ಟೇಪು, ಬಿಪಿ, ಒಂದು ಸಲ ರಕ್ತ

ದರ್ಜಿಯ ಟೇಪು ಸಾಕು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ, ಹೆಚ್ಚು ಕಡಿಮೆ ಹೊಕ್ಕಳಿನ ಮಟ್ಟದಲ್ಲಿ, ಉಸಿರು ಬಿಟ್ಟು ಅಳೆಯಿರಿ. ಪ್ಯಾಂಟಿನ ಸೈಜ್ ಲೆಕ್ಕಕ್ಕಿಲ್ಲ, ಏಕೆಂದರೆ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಭಾರತೀಯರಿಗೆ ಗಡಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ. ತೂಕ ನೋಡಿ ಇವರು ನೆಮ್ಮದಿಯಾಗಿರುತ್ತಾರೆ. ಅಪಾಯ ಇರುವುದು ಆ ಹೊಟ್ಟೆಯ ಕೊಬ್ಬಿನಲ್ಲೇ.

ಬಿಪಿ ನೋಡಿಸುವ ಮುಂಚೆ ಅರ್ಧ ಗಂಟೆ ಚಹಾ, ತಂಬಾಕು ಬೇಡ. ಐದು ನಿಮಿಷ ಸುಮ್ಮನೆ ಕೂತು, ಕೈಯನ್ನು ಎದೆಯ ಮಟ್ಟಕ್ಕೆ ಆನಿಸಿ ನೋಡಿಸಿ. 120/80ರ ಒಳಗಿದ್ದರೆ ಚೆನ್ನ. ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಮೇಲೆ ಬಂದರೆ ವೈದ್ಯರ ಬಳಿ ಹೋಗಲೇಬೇಕು. ಬಿಪಿ ಏರಿದರೆ ತಲೆ ನೋಯುತ್ತದೆ, ಗೊತ್ತಾಗುತ್ತದೆ ಎಂದುಕೊಂಡಿದ್ದರೆ ಅದು ತಪ್ಪು. ಬಹುಪಾಲು ಜನರಿಗೆ ಏನೂ ಗೊತ್ತಾಗುವುದಿಲ್ಲ.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆಯ ಕಾರ್ಯಕ್ರಮ 30 ದಾಟಿದವರಿಗೆ. 24ರ ಹುಡುಗನನ್ನು ಯಾರೂ ಕರೆದು ನೋಡುವುದಿಲ್ಲ, ನೀವೇ ಹೋಗಿ ಕೇಳಬೇಕು. ಕೊಲೆಸ್ಟ್ರಾಲ್ ಪರೀಕ್ಷೆಯನ್ನು 18ರ ವಯಸ್ಸಿಗೇ ಒಂದು ಸಲ ಮಾಡಿಸಬೇಕು ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದೆ. ರಿಪೋರ್ಟಿನಲ್ಲಿ ನೋಡಬೇಕಾದ ಮೊದಲ ಸಾಲು ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್. ಅದು 100ರ ಒಳಗಿರಲಿ. 190 ದಾಟಿದ್ದರೆ ಅದು ಮಿರ್ಚಿಯ ತಪ್ಪಲ್ಲ, ವಂಶದಲ್ಲಿ ಬಂದದ್ದಿರಬಹುದು. ಊಟ ತಿದ್ದಿದರಷ್ಟೇ ಸಾಲದು, ಮಾತ್ರೆ ಬೇಕಾಗುತ್ತದೆ. ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಬೇಕು. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ 150ರ ಮೇಲೆ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಡಿಮೆ: ಇದು ಅನ್ನ, ಸಕ್ಕರೆ, ಮೈದಾ ಹೆಚ್ಚಾದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಿ. ಖಾಲಿ ಹೊಟ್ಟೆಯ ಸಕ್ಕರೆ 100ರ ಒಳಗಿರಬೇಕು, 126 ಮುಟ್ಟಿದರೆ ಸಕ್ಕರೆ ಕಾಯಿಲೆಯ ಅನುಮಾನ.

ಹೆಣ್ಣುಮಕ್ಕಳಿಗೆ ಒಂದು ಮಾತು. ಬಸುರಾಗಿದ್ದಾಗ ಬಿಪಿ ಏರಿತ್ತೇ, ಸಕ್ಕರೆ ಬಂದಿತ್ತೇ? ತಾಯಿ ಕಾರ್ಡ್ ತೆಗೆದು ನೋಡಿ. ಹೆರಿಗೆಯ ನಂತರ ಎಲ್ಲ ಸರಿಹೋಯಿತು ಎಂದು ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿರುತ್ತಾರೆ. ಅಂಥವರಿಗೆ ಮುಂದೆ ಹೃದಯ ಕಾಯಿಲೆಯ ಸಂಭವ ಹೆಚ್ಚು, ವರ್ಷಕ್ಕೊಮ್ಮೆಯಾದರೂ ಬಿಪಿ, ಸಕ್ಕರೆ ನೋಡಿಸುತ್ತಿರಬೇಕು.

ಹಂತ 3: ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಹಾಕಿ

ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಹೇಳುತ್ತವೆ. ಅಂದರೆ ಒಂದು ಸಣ್ಣ ಚಮಚ. ಸಾರಿಗೆ ಉಪ್ಪು ಹಾಕುವಾಗ ಗ್ರಾಂ ಲೆಕ್ಕ ಯಾರು ಹಿಡಿಯುತ್ತಾರೆ? ಅದಕ್ಕೇ ಪ್ಯಾಕೆಟ್ ಲೆಕ್ಕ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಹೊಸ ಪ್ಯಾಕೆಟ್ ಒಡೆದ ದಿನವೇ ಪೆನ್ನಿನಲ್ಲಿ ತಾರೀಖು ಬರೆಯಿರಿ. 25 ದಿನಕ್ಕೆ ಮುಗಿದರೆ ಎರಡು ಪಟ್ಟು ತಿನ್ನುತ್ತಿದ್ದೀರಿ, ಅದೂ ಹೋಟೆಲಿನ ಉಪ್ಪು ಸೇರಿಸದೆ. (ದನಕ್ಕೆ, ಉಪ್ಪಿನಕಾಯಿ ಹಾಕಲಿಕ್ಕೆ ಬೇರೆ ಪ್ಯಾಕೆಟ್ ಇಡಿ, ಇಲ್ಲವಾದರೆ ಲೆಕ್ಕ ಕೆಡುತ್ತದೆ.)

ಕಾಣದ ಉಪ್ಪು ಎಲ್ಲೆಲ್ಲಿದೆ? ಮಂಡಕ್ಕಿಯಲ್ಲಿದೆ: ಭಟ್ಟಿಯಲ್ಲಿ ಹುರಿಯುವ ಮುಂಚೆಯೇ ಅಕ್ಕಿಗೆ ಉಪ್ಪು ಹಿಡಿಸಿರುತ್ತಾರೆ, ಮೇಲೆ ಒಗ್ಗರಣೆಯಲ್ಲಿ ಇನ್ನೊಮ್ಮೆ ಬೀಳುತ್ತದೆ. ಮಿರ್ಚಿ ಉಬ್ಬಲು ಹಾಕುವ ಅಡಿಗೆ ಸೋಡಾದಲ್ಲೂ ಸೋಡಿಯಂ ಇದೆ, ಬಿಪಿ ಏರಿಸುವುದು ಆ ಸೋಡಿಯಮ್ಮೇ. ಹಪ್ಪಳ, ಸಂಡಿಗೆ, ಬಾಳಕ, ಉಪ್ಪಿನಕಾಯಿ, ಚಟ್ನಿಪುಡಿ, ನೂಡಲ್ಸ್ ಮಸಾಲೆ, ಬೇಕರಿಯ ಖಾರಾ ಎಲ್ಲದರಲ್ಲೂ ಇದೆ.

ಇಳಿಸುವುದು ಒಮ್ಮೆಲೇ ಆಗದು, ಮನೆಯಲ್ಲಿ ಜಗಳವಾಗುತ್ತದೆ. ಸಾರು–ಪಲ್ಯಕ್ಕೆ ಹಾಕುವುದರಲ್ಲಿ ಎರಡು ವಾರಕ್ಕೊಮ್ಮೆ ಒಂದೊಂದು ಚಿಟಿಕೆ ಕಡಿಮೆ ಮಾಡುತ್ತ ಹೋಗಿ. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ಉಪ್ಪು ಇಳಿದಷ್ಟೂ ಹುಳಿ ಏರಿಸಿ. ಹುಣಸೆ ಮರಗಳ ಕೂಡ್ಲಿಗಿ ಸೀಮೆಯಲ್ಲಿ ಇದಕ್ಕೆ ಬರವಿಲ್ಲ. ನಿಂಬೆಹುಳಿ, ಬೆಳ್ಳುಳ್ಳಿ, ಹಸಿ ಕೊತ್ತಂಬರಿ ಕೂಡ ಸಪ್ಪೆತನವನ್ನು ಮರೆಸುತ್ತವೆ. ಶೇಂಗಾ ಚಟ್ನಿಪುಡಿಯನ್ನು ಮನೆಯಲ್ಲೇ ಕುಟ್ಟಿ, ಅರ್ಧ ಉಪ್ಪಿನಲ್ಲಿ. ಅನ್ನಕ್ಕೆ, ರೊಟ್ಟಿ ಹಿಟ್ಟಿಗೆ, ಮುದ್ದೆಯ ಎಸರಿಗೆ ಉಪ್ಪು ಬೇಕಿಲ್ಲ. ಊಟಕ್ಕೆ ಕೂತಾಗ ತಾಟಿನ ಅಂಚಿಗೆ ಉಪ್ಪು ಬಡಿಸುವುದನ್ನು ಮೊದಲು ನಿಲ್ಲಿಸಿ. ಬಿಸಿಲಲ್ಲಿ ಬೆವರು ಸುರಿಸುವವರಿಗೆ ಹೆಚ್ಚು ಉಪ್ಪು ಬೇಕು ಎಂಬ ನೆಪವೂ ಇದೆ. ಹೊಲದ ಕೆಲಸದವರಿಗೆ ನೀರು, ಮಜ್ಜಿಗೆ ಖಂಡಿತ ಹೆಚ್ಚು ಬೇಕು. ಉಪ್ಪು ಮಾತ್ರ ಬಹುತೇಕರಿಗೆ ಊಟದಲ್ಲೇ ಬೇಕಾದ್ದಕ್ಕಿಂತ ಹೆಚ್ಚು ಸಿಗುತ್ತಿದೆ.

ಹಂತ 4: ಎಣ್ಣೆ, ಅದರಲ್ಲೂ ಬಾಣಲಿಯ ಎಣ್ಣೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಆಹಾರ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2000 ಕ್ಯಾಲರಿ ಬೇಕಾದವರ ತಾಟಿಗೆ ಅದರ ಲೆಕ್ಕ: ಧಾನ್ಯ 250 ಗ್ರಾಂ, ತರಕಾರಿ–ಸೊಪ್ಪು 400, ಹಣ್ಣು 100, ಬೇಳೆಕಾಳು ಅಥವಾ ಮೊಟ್ಟೆ–ಮಾಂಸ 85, ಶೇಂಗಾದಂಥ ಬೀಜ 35, ಹಾಲು–ಮೊಸರು 300 ಮಿಲಿ, ಎಣ್ಣೆ–ತುಪ್ಪ 27 ಗ್ರಾಂ. ಈ ಸಾಲನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿ, ಮುಂದೆಯೂ ಬೇಕಾಗುತ್ತದೆ.

27 ಗ್ರಾಂ ಎಂದರೆ ತಿಂಗಳಿಗೆ ಒಬ್ಬರಿಗೆ ಸುಮಾರು 900 ಮಿಲಿ. ನಾಲ್ವರಿಗೆ ಮೂರೂವರೆ ಲೀಟರ್, ಹೊರಗೆ ತಿಂದದ್ದೂ ಸೇರಿ. ಐದು ಲೀಟರಿನ ಕ್ಯಾನ್ ತಿಂಗಳಿಗೇ ಖಾಲಿಯಾಗುವ ಮನೆಗಳು ಈಗ ಎಷ್ಟೋ ಇವೆ. ಒಂದು ಬಾಟಲಿಗೆ ತಿಂಗಳ ಎಣ್ಣೆಯನ್ನು ಅಳೆದು ಹಾಕಿ, ಚಮಚದಲ್ಲಿ ತೆಗೆದು ಒಗ್ಗರಣೆ ಹಾಕಿ. ಕ್ಯಾನಿನಿಂದ ನೇರ ಬಗ್ಗಿಸುವುದು ನಿಂತರೆ ಅರ್ಧ ಕೆಲಸ ಆಯಿತು.

ಯಾವ ಎಣ್ಣೆ ಎಂಬ ಚರ್ಚೆಗೆ ಅಗತ್ಯಕ್ಕಿಂತ ಹೆಚ್ಚು ಉಸಿರು ಖರ್ಚಾಗಿದೆ ಎಂದು ನನ್ನ ಅನಿಸಿಕೆ. ಶೇಂಗಾ ಬೆಳೆಯುವ ನಾಡಿನಲ್ಲಿ ಶೇಂಗಾ ಎಣ್ಣೆ ಒಳ್ಳೆಯದೇ, ಗಾಣದ್ದಾದರೆ ಘಮವೂ ಉಂಟು. ಆದರೆ ಗಾಣದ್ದು ಎಂದು ಧಾರಾಳವಾಗಿ ಸುರಿದರೆ ಲಾಭ ಹೋಯಿತು. ಸೂರ್ಯಕಾಂತಿ, ಕುಸುಬಿಯನ್ನು ಆಗಾಗ ಬದಲಿಸಿ ಬಳಸಬಹುದು. ತಾಳೆ ಎಣ್ಣೆಯಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಗಟ್ಟಿ ಕೊಬ್ಬು, ಎಲ್‌ಡಿಎಲ್ ಏರಿಸುವುದು ಅದೇ. ಅಗ್ಗವೆಂದು ಹೋಟೆಲು, ಬೇಕರಿಗಳು ಬಳಸುವುದು ಹೆಚ್ಚಾಗಿ ಅದನ್ನು. ಡಾಲ್ಡಾದಲ್ಲಿದ್ದ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ಶೇ 2ರ ಮಿತಿ ಬಂದಿದೆ. ಅಷ್ಟರ ಮಟ್ಟಿಗೆ ಪಫ್ ಮೊದಲಿಗಿಂತ ವಾಸಿ, ಒಳ್ಳೆಯದೇನಲ್ಲ.

ಈಗ ಮಿರ್ಚಿ. ಕೊಟ್ಟೂರಿಗೆ ಬಂದು ಕೊಟ್ಟೂರೇಶ್ವರನಿಗೆ ಕೈಮುಗಿದು ಮಿರ್ಚಿ–ಮಂಡಕ್ಕಿ ತಿನ್ನದೆ ಹೋದೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಅದನ್ನು ಬಿಡಿ ಎಂದು ಬರೆದರೆ ಈ ಪುಟವನ್ನೇ ಮಿರ್ಚಿ ಕಟ್ಟಲು ಬಳಸುತ್ತೀರಿ. ಕಡಲೆ ಹಿಟ್ಟು, ಮೆಣಸಿನಕಾಯಿ ಎರಡೂ ಒಳ್ಳೆಯ ವಸ್ತುಗಳೇ. ತಕರಾರು ಬಾಣಲಿಯದು. ಒಂದೇ ಎಣ್ಣೆ ಬೆಳಿಗ್ಗೆಯಿಂದ ಸಂಜೆವರೆಗೆ ಕುದಿಯುತ್ತದೆ, ಮರುದಿನ ಅದಕ್ಕೇ ಹೊಸದನ್ನು ಸೇರಿಸುತ್ತಾರೆ. ಪದೇ ಪದೇ ಕಾದ ಎಣ್ಣೆ ಒಡೆದು ಅದರಲ್ಲಿ ಬೇಡದ ಪದಾರ್ಥಗಳು ಕೂಡುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಬಳಸಲೇಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದಲೇ ಇದೆ. ಗಾಡಿಯ ಮುಂದೆ ನಿಂತು ಅದನ್ನು ಅಳೆಯುವ ಉಪಕರಣ ನಮ್ಮ ಹತ್ತಿರ ಇರುವುದಿಲ್ಲ, ಕಣ್ಣು ಮೂಗು ಇವೆ. ಎಣ್ಣೆ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ದರೆ, ಅಂಚಿನಲ್ಲಿ ನೊರೆ ಕಟ್ಟಿ ಒಡೆಯದೆ ನಿಂತಿದ್ದರೆ, ಬೇಗ ಹೊಗೆಯಾಡುತ್ತಿದ್ದರೆ, ಜಾರದೆ ಅಂಟಂಟಾಗಿದ್ದರೆ ಆ ದಿನ ಬರೀ ಮಂಡಕ್ಕಿ ತಿನ್ನಿ. ಬೆಳಗಿನ ಮೊದಲ ಬಾಣಲಿಯ ಮಿರ್ಚಿ ಸಂಜೆಯದ್ದಕ್ಕಿಂತ ಮೇಲು.

ದಿನದ ತಿಂಡಿಯ ಜಾಗದಿಂದ ಎಬ್ಬಿಸಿ ವಾರಕ್ಕೊಮ್ಮೆಯ ಜಾಗದಲ್ಲಿ ಅದನ್ನು ಕೂರಿಸಿ: ಸಂತೆಯ ದಿನ, ಅಥವಾ ಸಿನಿಮಾ ನೋಡಿದ ದಿನ. ನಾಲ್ಕರ ಬದಲು ಎರಡು. ಮಂಡಕ್ಕಿಯನ್ನಂತೂ ಮನೆಯಲ್ಲೇ ದಿಕ್ಕು ಬದಲಿಸಬಹುದು: ಎಣ್ಣೆ ಒಂದು ಚಮಚ, ಉಪ್ಪು ಹಾಕಲೇಬೇಡಿ, ಹುರಿದ ಶೇಂಗಾ ಒಂದು ಹಿಡಿ, ಹುರಿಗಡಲೆ ಪುಡಿ, ಮೊಳಕೆ ಹೆಸರುಕಾಳು, ಈರುಳ್ಳಿ, ಟೊಮೆಟೊ, ಸವತೆಕಾಯಿ, ನಿಂಬೆರಸ. ಹೀಗೆ ಮಾಡಿದರೆ ಅದು ತಿಂಡಿಯೇ ಸರಿ.

ಗೋಬಿ ಮಂಚೂರಿಗೆ ಹಾಕುತ್ತಿದ್ದ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಗೋಬಿ ಬೆಳ್ಳಗಾಯಿತು, ಜನ ನಿಶ್ಚಿಂತರಾದರು. ಬಣ್ಣ ಹೋದರೂ ಮೈದಾ, ಕರಿದ ಎಣ್ಣೆ, ಉಪ್ಪು ತುಂಬಿದ ಸೋಯಾ ಸಾಸ್ ಅಲ್ಲೇ ಇವೆ.

ಹಂತ 5: ತಾಟಿನ ಒಳಗೆ ಜಾಗ ಬದಲಿಸಿ

ಇದು ಎಲ್ಲಕ್ಕಿಂತ ದೊಡ್ಡ ಹಂತ, ನಿಧಾನಕ್ಕೆ ಮಾಡಿ.

ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಈ ಐದು ತಾಲೂಕುಗಳ ಒಣಭೂಮಿಯಲ್ಲಿ ಜೋಳ, ಸಜ್ಜೆ, ನವಣೆ, ರಾಗಿ, ಹುರುಳಿ, ಹೆಸರು, ಶೇಂಗಾ ಬೆಳೆಯುತ್ತಿದ್ದವು, ಉಣ್ಣುತ್ತಿದ್ದದ್ದೂ ಅದನ್ನೇ. ಈಗ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೊಲಗಳಲ್ಲಿ ಮಳೆಗಾಲದಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಅದು ಲಾರಿ ಹತ್ತಿ ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತದೆ, ಮನೆಗೆ ಬರುವುದು ರೇಷನ್ ಅಕ್ಕಿ. 2013ರಲ್ಲಿ ಬಂದ ಅನ್ನಭಾಗ್ಯ ಹಸಿವನ್ನು ನೀಗಿಸಿದ ಯೋಜನೆ, ಅದನ್ನು ಹಳಿಯುವವರ ಸಾಲಿಗೆ ನಾನು ಸೇರುವುದಿಲ್ಲ. ತೊಡಕು ಅಕ್ಕಿ ಬಂದದ್ದರಲ್ಲಿಲ್ಲ, ಅಕ್ಕಿಯ ಜೊತೆ ಬರಬೇಕಾದ ಬೇಳೆ, ಸೊಪ್ಪು ಹಿಂದೆ ಬಿದ್ದದ್ದರಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಅಧ್ಯಯನ 2025ರಲ್ಲಿ ಲೆಕ್ಕ ಕೊಟ್ಟಿತು: ಭಾರತೀಯರ ಕ್ಯಾಲರಿಯಲ್ಲಿ ಶೇ 62ರಷ್ಟು ಪಿಷ್ಟ–ಸಕ್ಕರೆಯಿಂದ, ಪ್ರೋಟೀನಿನಿಂದ ಬರುವುದು ಶೇ 12ರಷ್ಟು. ಬೇಕಾಗಿಲ್ಲದ ಪಿಷ್ಟವನ್ನು ಯಕೃತ್ತು ಕೊಬ್ಬಾಗಿ ಬದಲಿಸುತ್ತದೆ. ಟ್ರೈಗ್ಲಿಸರೈಡ್ ಏರುವುದು, ಹೊಟ್ಟೆ ಬರುವುದು ಹೀಗೆ. ತುಪ್ಪ–ಮಾಂಸ ಮುಟ್ಟದವನಿಗೂ ಹೃದಯ ಕಾಯಿಲೆ ಬರುವುದರ ಗುಟ್ಟು ಬಹುಪಾಲು ಇಲ್ಲಿದೆ.

ಮಾಡಬೇಕಾದದ್ದು ಹೀಗೆ. ಬಡಿಸುವ ಕ್ರಮವನ್ನೇ ತಿರುವು ಮಾಡಿ. ಮೊದಲು ತಾಟಿನ ಅರ್ಧಕ್ಕೆ ಪಲ್ಯ, ಸೊಪ್ಪು, ಹಸಿ ಸವತೆ–ಮೂಲಂಗಿ–ಈರುಳ್ಳಿ. ಕಾಲು ಭಾಗಕ್ಕೆ ಕಾಳು ಅಥವಾ ಗಟ್ಟಿ ಬೇಳೆ. ಉಳಿದ ಕಾಲು ಭಾಗಕ್ಕೆ ರೊಟ್ಟಿ, ಮುದ್ದೆ ಅಥವಾ ಅನ್ನ. ರೊಟ್ಟಿ ಮೇಲೆ ಅನ್ನವನ್ನೂ ಉಂಡರೆ ಎರಡೂ ಸೇರಿ ಆ ಕಾಲು ಭಾಗದಲ್ಲೇ ಮುಗಿಯಬೇಕು. ಸಾರನ್ನು ತಿಳಿಯಾಗಿ ಮಾಡುವ ಬದಲು ಬೇಳೆ ಕಾಣುವಂತೆ ಮಾಡಿ.

ಜೋಳದ ರೊಟ್ಟಿಯಲ್ಲಿ ಧಾನ್ಯ ತೌಡು ಸಮೇತ ಇರುತ್ತದೆ, ನಾರು ಅನ್ನಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ನಾರು ಕೊಲೆಸ್ಟ್ರಾಲನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಡಲು ನೆರವಾಗುತ್ತದೆ. ಆದರೆ ರೊಟ್ಟಿಯೂ ಪಿಷ್ಟವೇ. ಹೊಲದಲ್ಲಿ ಎಡೆ ಹೊಡೆಯುವವನು ಆರು ತಿಂದರೂ ಕರಗುತ್ತದೆ, ಕಂಪ್ಯೂಟರ್ ಮುಂದೆ ಕೂರುವ ಅವನ ಮಗನಿಗೆ ಎರಡು ಸಾಕು. ಮುದ್ದೆಗೂ ಇದೇ ಮಾತು. ಸಿರಿಧಾನ್ಯ ಎಂದ ಮಾತ್ರಕ್ಕೆ ನವಣೆ ಅನ್ನವನ್ನು ಗುಡ್ಡೆ ಹಾಕಿಕೊಂಡು ಉಣ್ಣುವವರನ್ನು ನೋಡಿದರೆ, ನಂಬಿಕೆ ಅಕ್ಕಿಯಿಂದ ನವಣೆಗೆ ವರ್ಗವಾದದ್ದು ಬಿಟ್ಟು ಬೇರೇನೂ ಆಗಿಲ್ಲ ಅನ್ನಿಸುತ್ತದೆ.

ಸೊಪ್ಪಿಗೆ ಇಲ್ಲಿ ಕೊರತೆಯಿಲ್ಲ. ಪುಂಡಿ, ಮೆಂತ್ಯೆ, ರಾಜಗಿರಿ, ಹಕ್ಕರಕಿ, ನುಗ್ಗೆ. ಪುಂಡಿಪಲ್ಯಕ್ಕೆ ಬೇಳೆ, ಜೋಳದ ನುಚ್ಚು ಹಾಕಿ ಮಾಡುವ ನಮ್ಮ ಹಳೆಯ ಪದ್ಧತಿಯಲ್ಲಿ ಸೊಪ್ಪು, ಕಾಳು, ಧಾನ್ಯ ಮೂರೂ ಒಂದೇ ಪಾತ್ರೆಯಲ್ಲಿವೆ. ಎಣ್ಣೆ ಮಾತ್ರ ತೇಲಬಾರದು. ಸೊಪ್ಪು–ಕಾಳುಗಳಲ್ಲಿರುವ ಪೊಟ್ಯಾಸಿಯಂ ಬಿಪಿ ಇಳಿಸಲು ನೆರವಾಗುತ್ತದೆ. ಅಗಸಿ ಚಟ್ನಿಪುಡಿ ದಿನಕ್ಕೆ ಒಂದು ಚಮಚ ಇರಲಿ, ಮೀನು ತಿನ್ನದವರಿಗೆ ಒಮೆಗಾ–3 ಸಿಗುವ ಅಗ್ಗದ ದಾರಿ ಅದು. ಮೀನು ತಿನ್ನುವವರಿಗೆ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ತುಂಗಭದ್ರಾ ಹಿನ್ನೀರಿನ ಮೀನು ಸಿಗುತ್ತದೆ. ಸಾರು ಮಾಡಿ, ಕರಿಯಬೇಡಿ. ದಿನಕ್ಕೊಂದು ಮೊಟ್ಟೆ ಬಹುತೇಕ ಆರೋಗ್ಯವಂತರಿಗೆ ತೊಂದರೆ ಮಾಡದು. ಶೇಂಗಾ ಹುರಿದದ್ದೋ ಬೇಯಿಸಿದ್ದೋ, ಉಪ್ಪಿಲ್ಲದೆ ಒಂದು ಹಿಡಿ. ಹಣ್ಣೆಂದರೆ ಸೇಬೇ ಆಗಬೇಕಿಲ್ಲ: ಪೇರಲ, ಬಾಳೆ, ಪಪ್ಪಾಯಿ, ಕಾಲಕ್ಕೆ ಸರಿಯಾಗಿ ನೇರಳೆ, ಸೀತಾಫಲ.

ಹಂತ 6: ಚಹಾ ಮತ್ತು ಸಿಹಿ

ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 10 ಗ್ರಾಂ. ನಾಲ್ಕು ಚಹಾಕ್ಕೆ 40. ದಿನಕ್ಕೆ 25 ಗ್ರಾಂ ದಾಟಬಾರದು. ಮೊದಲ ವಾರ ಒಂದೂವರೆ ಚಮಚ, ಆಮೇಲೆ ಒಂದು. ಹೋಟೆಲಿನಲ್ಲಿ "ಸಕ್ಕರೆ ಕಮ್ಮಿ" ಎಂದರೆ ಕೊಡುತ್ತಾರೆ. ಬೆಲ್ಲ ಹಾಕಿಕೊಂಡು ಸಮಾಧಾನ ಪಡಬೇಡಿ, ರಕ್ತಕ್ಕೆ ಅದೂ ಸಕ್ಕರೆಯೇ. ಬಾಟಲಿ ತಂಪು ಪಾನೀಯದ ಜಾಗದಲ್ಲಿ ಮಜ್ಜಿಗೆ ಇರಲಿ. ಹಬ್ಬದ ಹೋಳಿಗೆ, ಕಡುಬು ಹಬ್ಬದ ದಿನ ತಿನ್ನಿ, ಅದರ ಬಗ್ಗೆ ಕೊರಗಬೇಡಿ.

ಹಂತ 7: ತಂಬಾಕು

ಊಟದ ಲೇಖನದಲ್ಲಿ ಇದೇಕೆ ಅಂದರೆ, ಇದು ಊಟದ ಬಾಲ ಹಿಡಿದೇ ಬರುತ್ತದೆ. ಚಹಾದ ಜೊತೆ ಸಿಗರೇಟು, ಊಟದ ಮೇಲೆ ಗುಟ್ಕಾ ಅಥವಾ ಎಲೆಅಡಿಕೆ–ತಂಬಾಕು. 40 ದಾಟದ ಹೃದಯ ರೋಗಿಗಳನ್ನು ಜಯದೇವದ ವೈದ್ಯರು ನೋಂದಾಯಿಸಿ ಅಧ್ಯಯನ ಮಾಡಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಅಪಾಯದ ಅಂಶ ಧೂಮಪಾನ. ಮೇಲಿನ ಆರು ಹಂತಗಳನ್ನು ಚಾಚೂ ತಪ್ಪದೆ ಮಾಡಿ ಇದೊಂದನ್ನು ಇಟ್ಟುಕೊಂಡರೆ ಶ್ರಮವೆಲ್ಲ ನೀರುಪಾಲು. ಬಿಡಲು ಸಹಾಯ ಬೇಕೆಂದರೆ 1800112356 ಸರ್ಕಾರದ ಉಚಿತ ಸಂಖ್ಯೆ. ಚಹಾದ ಅಂಗಡಿ ಬದಲಿಸಿದರೆ ಎಷ್ಟೋ ಜನರಿಗೆ ಸಿಗರೇಟು ಬಿಡುವುದು ಸುಲಭವಾಗುತ್ತದೆ.

ಹಂತ 8: ಒಲೆ ನಿಮ್ಮ ಕೈಯಲ್ಲಿಲ್ಲದಿದ್ದರೆ

ಹಾಸ್ಟೆಲಿನಲ್ಲಿರುವವರು, ತೋರಣಗಲ್ಲಿನ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುವವರು, ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋದವರು ಈ ಹಂತ ನೋಡಿ. ಗುಳೆ ಹೋಗುವಾಗ ಗಟ್ಟಿ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವ ಪದ್ಧತಿ ಇದ್ದೇ ಇದೆ, ಅದರ ಜೊತೆ ಹೆಸರುಕಾಳು ಮತ್ತು ಹುರಿದ ಶೇಂಗಾ ಸೇರಿಸಿ. ಕಾಳನ್ನು ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿದರೆ ಒಲೆಯೇ ಬೇಡ. ಹೋಟೆಲಿನಲ್ಲಿ ಪೂರಿ, ವಡೆಯ ಬದಲು ಇಡ್ಲಿ ಕೇಳಿ, ಚಟ್ನಿಗಿಂತ ಸಾಂಬಾರ್ ಹೆಚ್ಚು ಹಾಕಿಸಿಕೊಳ್ಳಿ. ಎಗ್‌ರೈಸ್ ಗಾಡಿಯಲ್ಲೇ ಬೇಯಿಸಿದ ಮೊಟ್ಟೆಯೂ ಇರುತ್ತದೆ. ರಾತ್ರಿ ಪಾಳಿಯವರು ದೊಡ್ಡ ಊಟವನ್ನು ಪಾಳಿಗೆ ಮುಂಚೆಯೇ ಮುಗಿಸಿ, ನಡುರಾತ್ರಿ ಬಾಳೆಹಣ್ಣು, ಶೇಂಗಾ, ಮಜ್ಜಿಗೆಯಲ್ಲಿ ಕಳೆಯಿರಿ. ಹಡಗಲಿಯ ಮಲ್ಲಿಗೆ ತೋಟಕ್ಕೆ ನಸುಕಿನಲ್ಲೇ ಬರೀ ಚಹಾ ಕುಡಿದು ಇಳಿಯುವವರು ಜೇಬಿಗೆ ಒಂದು ಹಿಡಿ ಶೇಂಗಾ ಹಾಕಿಕೊಳ್ಳಲಿ. ಹಸಿದು ಬಂದವನ ಕೈ ಮೊದಲು ಹೋಗುವುದು ಕರಿದದ್ದಕ್ಕೇ.

ನಡಿಗೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಕೊಟ್ಟೂರು ತೇರಿಗೆ ದಾವಣಗೆರೆಯಿಂದ ಪಾದಯಾತ್ರೆ ಬರುವ ಹುಡುಗರಿಗೆ ನಡೆಯಲು ಬರುವುದಿಲ್ಲ ಎಂದು ಯಾರು ಹೇಳಿಯಾರು? ಉಳಿದ ದಿನಗಳಲ್ಲಿ, ವಾರಕ್ಕೆ ಐದು ದಿನ, ಅರ್ಧ ಗಂಟೆ ಚುರುಕಾಗಿ ನಡೆದರೆ ಆಯಿತು.

ಹಂತ 9: ಮೂರು ತಿಂಗಳ ನಂತರ

ಮತ್ತೆ ಟೇಪು, ಬಿಪಿ, ರಕ್ತ. ಸೊಂಟ ಮೂರು–ನಾಲ್ಕು ಸೆಂಟಿಮೀಟರ್ ಇಳಿದಿದ್ದರೆ ದಾರಿ ಸರಿಯಿದೆ. ಟ್ರೈಗ್ಲಿಸರೈಡ್ ಊಟಕ್ಕೆ ಬೇಗ ಮಣಿಯುತ್ತದೆ, ಎಲ್‌ಡಿಎಲ್ ನಿಧಾನ, ಕೆಲವರಲ್ಲಿ ಊಟಕ್ಕೆ ಮಣಿಯುವುದೇ ಇಲ್ಲ. ಆಗ ವೈದ್ಯರು ಮಾತ್ರೆ ಬರೆದರೆ ಅದನ್ನು ಸೋಲೆಂದು ತಿಳಿಯಬೇಡಿ, ವಾಟ್ಸ್ಆ್ಯಪ್ ಮಾತು ಕೇಳಿ ಅರ್ಧಕ್ಕೆ ಬಿಡಬೇಡಿ. ಏಳು ದಿನದ ನೋಟ್‌ಬುಕ್ ಇನ್ನೊಮ್ಮೆ ಬರೆದು ಹಳೆಯದರ ಪಕ್ಕ ಇಟ್ಟು ನೋಡಿ.

ಈ ನಡುವೆ ಎದೆ ನೋವು ಬಂದರೆ

ಹೃದಯಾಘಾತದ ಲಕ್ಷಣಗಳು: ಎದೆಯ ನಡುವೆ ಭಾರ, ಹಿಂಡಿದಂತೆ ನೋವು, ಎಡಗೈ, ದವಡೆ ಅಥವಾ ಬೆನ್ನಿಗೆ ಹರಿಯುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬರೀ ಸುಸ್ತು, ವಾಕರಿಕೆಯಾಗಿಯೂ ಬರಬಹುದು. 28ರ ಹುಡುಗನಿಗೆ ಇದು ಬಂದಾಗ ಮನೆಯವರು, ಅವನೂ, "ಗ್ಯಾಸು" ಎಂದು ಸೋಡಾ ಕುಡಿಸಿ ಮಲಗಿಸುತ್ತಾರೆ. ಹೀಗೆ ಕಳೆದುಹೋಗುವ ಗಂಟೆಗಳಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಬೈಕ್ ಓಡಿಸಿಕೊಂಡು ಹೋಗಬೇಡಿ, 108ಕ್ಕೆ ಕರೆ ಮಾಡಿ, ತಾಲೂಕು ಆಸ್ಪತ್ರೆಗೆ ಹೋಗಿ. ಇಸಿಜಿ ಜೀವ ಉಳಿಸುವ ಗಳಿಗೆ ಇದೇ.

ಈ ತಾಲೂಕುಗಳಿಂದ ಆ್ಯಂಜಿಯೋಪ್ಲಾಸ್ಟಿ ಆಗುವ ದಾವಣಗೆರೆ, ಬಳ್ಳಾರಿ, ಹುಬ್ಬಳ್ಳಿ ಯಾವುದೂ ಹತ್ತಿರವಲ್ಲ. ಅದಕ್ಕೇ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆ ಮಾಡಿದೆ. ಅದು ಜಾರಿಯಲ್ಲಿರುವ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ಮುಂದಕ್ಕೆ ಸಾಗಿಸುತ್ತಾರೆ. ಬಿಪಿ ನೋಡಿಸಲು ಹೋದ ದಿನವೇ ಎರಡು ಪ್ರಶ್ನೆ ಕೇಳಿ ಬನ್ನಿ: ಈ ಚುಚ್ಚುಮದ್ದು ಈ ಆಸ್ಪತ್ರೆಯಲ್ಲಿದೆಯೇ, ರಾತ್ರಿ ಹೊತ್ತಿನಲ್ಲಿ ಇಸಿಜಿ ತೆಗೆಯುವವರು ಇರುತ್ತಾರೆಯೇ. ಇಲ್ಲ ಎಂದರೆ ಹತ್ತಿರದಲ್ಲಿ ಎಲ್ಲಿದೆ ಎಂದು ಕೇಳಿ, ಆ ಊರು, ಆಸ್ಪತ್ರೆಯ ಹೆಸರು, ಫೋನ್ ನಂಬರನ್ನು ಮನೆಯ ಎಲ್ಲರ ಮೊಬೈಲಿನಲ್ಲೂ ಸೇವ್ ಮಾಡಿಸಿ.